ರಾಜ್ಯದ ಹಣ, ನಮ್ಮ ಬೀದಿ: ಕ್ಯಾಲಿಫೋರ್ನಿಯಾದ ನಗರವೊಂದರ ರಸ್ತೆ ನಿರ್ವಹಣಾ ಸೇವೆಯ ವಿಮರ್ಶೆ

ಕಳೆದ ಬೇಸಿಗೆಯಲ್ಲಿ ನಮ್ಮ ಬೀದಿಗೆ ಸ್ಲರಿ ಸೀಲ್ ಎಂಬ ತೆಳು ಡಾಂಬರು ಲೇಪ ಹಾಕಿದರು. ಮೂರು ದಿನ ಮೊದಲೇ ಪ್ರತಿ ಮನೆಯ ಬಾಗಿಲಿಗೂ ಒಂದು ಚೀಟಿ ತೂಗುಹಾಕಿ, ಬೆಳಿಗ್ಗೆ ಏಳು ಗಂಟೆಯೊಳಗೆ ಕಾರುಗಳನ್ನು ಬೇರೆಡೆ ನಿಲ್ಲಿಸಬೇಕೆಂದೂ ಸಂಜೆಯ ತನಕ ಹೊಸ ಲೇಪದ ಮೇಲೆ ಕಾಲಿಡಬಾರದೆಂದೂ ತಿಳಿಸಿದ್ದರು. ಕೆಲಸ ಹೇಳಿದ ದಿನವೇ ಆರಂಭವಾಯಿತು, ಹೇಳಿದ ಹೊತ್ತಿಗೆ ಮುಗಿಯಿತು. ಒಂದು ವಾರದ ನಂತರ ಗುತ್ತಿಗೆದಾರರ ಗಾಡಿ ಮತ್ತೆ ಬಂದು ಅಂಚುಗಳಲ್ಲಿ ಉದುರಿದ್ದ ಜಲ್ಲಿಪುಡಿಯನ್ನು ಗುಡಿಸಿಕೊಂಡು ಹೋಯಿತು. ಸೇವೆಯೊಂದನ್ನು ಸಮಯಪಾಲನೆಯಿಂದ ಮಾತ್ರ ಅಳೆಯುವುದಾದರೆ ಪೂರ್ಣ ಅಂಕ ಕೊಟ್ಟು ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಹಿಂದಿನ ಬೀದಿಯ ಹಿರಿಯರೊಬ್ಬರು ಆ ದಿನ ಕೇಳಿದ ಪ್ರಶ್ನೆ ನನ್ನನ್ನು ಬಿಡಲಿಲ್ಲ: "ನಿಮ್ಮ ರಸ್ತೆ ಚೆನ್ನಾಗಿಯೇ ಇತ್ತಲ್ಲ. ನಮ್ಮದು ಮೊಸಳೆಯ ಬೆನ್ನಿನ ಹಾಗೆ ಬಿರಿದು ಬಿದ್ದಿದೆ. ಹಣ ಇಲ್ಲಿಗೇಕೆ ಬಂತು?"

ನಾನು ವಾಸಿಸುವ ನಗರದ ಹೆಸರನ್ನು ಇಲ್ಲಿ ಹೇಳುವುದಿಲ್ಲ. ನನ್ನ ಆಕ್ಷೇಪಗಳು ಅದೊಂದಕ್ಕೇ ಸೇರಿದವಲ್ಲ. ಕ್ಯಾಲಿಫೋರ್ನಿಯಾದ 480ಕ್ಕೂ ಹೆಚ್ಚು ನಗರಗಳು ಇದೇ ನಿಯಮಗಳಡಿ, ಇದೇ ನಿಧಿಗಳಿಂದ ತಮ್ಮ ಬೀದಿಗಳನ್ನು ನೋಡಿಕೊಳ್ಳುತ್ತವೆ. ಈ ಸೇವೆಗೆ ಬೆಲೆ ತೆರುವವರು ನಾವು, ಬಳಸುವವರೂ ನಾವು, ಆದರೂ ಅಂಗಡಿಯ ಸಾಮಾನನ್ನೋ ಹೋಟೆಲಿನ ಊಟವನ್ನೋ ವಿಮರ್ಶಿಸುವಷ್ಟು ಎಚ್ಚರದಿಂದ ಇದನ್ನು ಯಾರೂ ವಿಮರ್ಶಿಸುವುದಿಲ್ಲ. ಮೂರು ವರ್ಷಗಳ ಬಜೆಟ್ ಪುಟಗಳನ್ನು ಓದಿ, ಸಿಟಿ ಕೌನ್ಸಿಲ್ ಸಭೆಗಳಲ್ಲಿ ಕುಳಿತು, ಬೀದಿ ಬೀದಿ ನಡೆದು ನೋಡಿದ ಮೇಲೆ ನಾನು ಕೊಡುವ ಅಂಕಗಳು ಇವು: ಹಣ ಬರುವ ದಾರಿಗೆ ಐದರಲ್ಲಿ ನಾಲ್ಕು, ಕೆಲಸದ ಗುಣಮಟ್ಟಕ್ಕೆ ಮೂರೂವರೆ, ಹಣ ಯಾವ ಬೀದಿಗೆ ಯಾಕೆ ಹೋಯಿತೆಂದು ನಿವಾಸಿಗಳಿಗೆ ತಿಳಿಸುವ ರೀತಿಗೆ ಎರಡು. ಈ ಕೊನೆಯ ಎರಡು ಅಂಕವೇ ನನ್ನ ಮುಖ್ಯ ದೂರು.

ಹಣ ಹುಟ್ಟುವುದು ಗ್ಯಾಸ್ ಬಂಕಿನಲ್ಲಿ, ಅಂದರೆ ಪೆಟ್ರೋಲ್ ಬಂಕಿನಲ್ಲಿ. ಪೆಟ್ರೋಲಿನ ಮೇಲೆ ತೆರಿಗೆ ಹಾಕಿ ಅದರಿಂದ ರಸ್ತೆ ಮಾಡುವ ಕ್ರಮವನ್ನು ಅಮೆರಿಕದಲ್ಲಿ ಮೊದಲು ತಂದದ್ದು ಆರೆಗನ್ ರಾಜ್ಯ, 1919ರಲ್ಲಿ, ಗ್ಯಾಲನ್ನಿಗೆ 1 ಸೆಂಟ್. ಕ್ಯಾಲಿಫೋರ್ನಿಯಾ 1923ರಲ್ಲಿ 2 ಸೆಂಟಿನಿಂದ ಆರಂಭಿಸಿತು. 2025ರ ಜುಲೈ 1ರಂದು ರಾಜ್ಯದ ಅಬಕಾರಿ ತೆರಿಗೆ, ಅಂದರೆ ಮಾರಿದ ಪ್ರತಿ ಗ್ಯಾಲನ್ನಿನ ಮೇಲಿನ ತೆರಿಗೆ, 61.2 ಸೆಂಟಿಗೆ ಏರಿತು. ವರ್ಷಕ್ಕೆ 12,000 ಮೈಲಿ ಓಡುವ, ಗ್ಯಾಲನ್ನಿಗೆ 30 ಮೈಲಿ ಕೊಡುವ ಕಾರಿಗೆ 400 ಗ್ಯಾಲನ್ ಬೇಕು. ಅಂದರೆ ಆ ದರದಲ್ಲಿ ಅಂಥ ಒಂದು ಕಾರಿನಿಂದ ರಾಜ್ಯಕ್ಕೆ ಸೇರುವುದು ಸುಮಾರು 245 ಡಾಲರ್. ಈ ಹಣವೆಲ್ಲ ನಮ್ಮ ಬೀದಿಗೆ ಬರುವುದಿಲ್ಲ. ದೊಡ್ಡ ಪಾಲು ರಾಜ್ಯ ಹೆದ್ದಾರಿಗಳಿಗೆ ಹೋಗಿ, ಉಳಿದದ್ದು ಜಿಲ್ಲೆಗಳಂಥ ಕೌಂಟಿಗಳಿಗೂ ನಗರಗಳಿಗೂ ಹಂಚಿಹೋಗುತ್ತದೆ. ರಾಜ್ಯದ ಒಟ್ಟು ರಸ್ತೆಯ ಉದ್ದದಲ್ಲಿ ಶೇ 80ಕ್ಕೂ ಹೆಚ್ಚು ಭಾಗ ನಗರ ಮತ್ತು ಕೌಂಟಿಗಳ ಹೆಗಲ ಮೇಲೇ ಇದೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಈಗಿನ ವ್ಯವಸ್ಥೆಗೆ ನಾನು ನಾಲ್ಕು ಅಂಕ ಕೊಟ್ಟದ್ದೇಕೆಂದು ತಿಳಿಯಲು ಅದರ ಹಿಂದಿನ ಸ್ಥಿತಿಯನ್ನು ನೆನೆಯಬೇಕು. 1994ರಿಂದ ಗ್ಯಾಲನ್ನಿಗೆ 18 ಸೆಂಟ್ ಎಂದು ನಿಂತಿದ್ದ ದರ ಹಣದುಬ್ಬರದೊಂದಿಗೆ ಒಂದು ಸೆಂಟೂ ಏರಲಿಲ್ಲ. ಡಾಂಬರಿನ ಬೆಲೆ, ಕೂಲಿ, ಲಾರಿಯ ಬಾಡಿಗೆ ಎಲ್ಲವೂ ಏರಿದವು. 2010ರಲ್ಲಿ ಶಾಸನಸಭೆ ಪೆಟ್ರೋಲಿನ ಮೇಲಿದ್ದ ರಾಜ್ಯ ಮಾರಾಟ ತೆರಿಗೆಯನ್ನು ತೆಗೆದು, ಅದರ ಬದಲಿಗೆ ಎರಡನೆಯ ಅಬಕಾರಿ ತೆರಿಗೆಯೊಂದನ್ನು ಸೇರಿಸಿತು. ಆ ತೆರಿಗೆ 17.3 ಸೆಂಟಿನಿಂದ ಶುರುವಾದರೂ ಪೆಟ್ರೋಲಿನ ಬೆಲೆಯನ್ನು ನೋಡಿ ಪ್ರತಿವರ್ಷ ಬದಲಾಗಬೇಕೆಂಬ ಷರತ್ತು ಇತ್ತು. ಬೆಲೆ ಕುಸಿದಾಗ ಪರಿಣಾಮ ಏನಾಯಿತೆಂದರೆ, 2013ರಲ್ಲಿ 21.5 ಸೆಂಟ್ ಇದ್ದದ್ದು 2014ರಲ್ಲಿ 18ಕ್ಕೆ, 2015ರಲ್ಲಿ 12ಕ್ಕೆ, 2016ರಲ್ಲಿ 9.8 ಸೆಂಟಿಗೆ ಇಳಿಯಿತು. ರಸ್ತೆಯ ಮೇಲಿನ ಗಾಡಿಗಳು ಕಡಿಮೆಯಾಗಿರಲಿಲ್ಲ, ಬಿರುಕುಗಳು ಕಡಿಮೆಯಾಗಿರಲಿಲ್ಲ, ಮೂರು ವರ್ಷದಲ್ಲಿ ಈ ಭಾಗದ ಆದಾಯ ಮಾತ್ರ ಅರ್ಧಕ್ಕಿಂತಲೂ ಕೆಳಗೆ ಬಿತ್ತು. ಆ ವರ್ಷಗಳಲ್ಲಿ ಅನೇಕ ನಗರಗಳು ಗುಂಡಿ ಮುಚ್ಚುವುದನ್ನು ಬಿಟ್ಟು ಬೇರೆ ಕೆಲಸವನ್ನು ಮುಂದೂಡಿದವು. ಹಿಂದಿನ ಬೀದಿಯ ಇಂದಿನ ಅವಸ್ಥೆಗೆ ಆ ಮುಂದೂಡಿಕೆಯೂ ಒಂದು ಕಾರಣ ಎಂದು ನನಗೆ ತೋರುತ್ತದೆ.

2017ರ ಏಪ್ರಿಲ್ 28ರಂದು ಗವರ್ನರ್ ಜೆರಿ ಬ್ರೌನ್ ಸಹಿ ಹಾಕಿದ ಎಸ್‌ಬಿ 1 (ಸೆನೆಟ್ ಬಿಲ್ 1) ಎಂಬ ಕಾಯ್ದೆ ಈ ಏರಿಳಿತಕ್ಕೆ ಕೊನೆ ಹಾಡಿತು. ಅದೇ ವರ್ಷದ ನವೆಂಬರ್ 1ರಿಂದ ಪೆಟ್ರೋಲಿನ ತೆರಿಗೆ ಗ್ಯಾಲನ್ನಿಗೆ 12 ಸೆಂಟ್, ಡೀಸೆಲ್ ತೆರಿಗೆ 20 ಸೆಂಟ್ ಏರಿತು. 2018ರ ಜನವರಿಯಿಂದ ಪ್ರತಿ ವಾಹನದ ನೋಂದಣಿಯ ಜೊತೆ, ಅದರ ಮೌಲ್ಯವನ್ನು ಆಧರಿಸಿ 25 ಡಾಲರಿನಿಂದ 175 ಡಾಲರಿನವರೆಗಿನ ಸಾರಿಗೆ ಸುಧಾರಣಾ ಶುಲ್ಕ ಬಂತು. 2019ರ ಜುಲೈಯಲ್ಲಿ ಆ ಅಲುಗಾಡುವ ಭಾಗವನ್ನು 17.3 ಸೆಂಟಿಗೆ ಗಟ್ಟಿಯಾಗಿ ನಿಲ್ಲಿಸಲಾಯಿತು. 18, 12 ಮತ್ತು 17.3 ಸೇರಿ ಆಗ ಒಟ್ಟು 47.3 ಸೆಂಟ್ ಆಯಿತು. 2020ರ ಜುಲೈಯಿಂದ ದರ ಹಣದುಬ್ಬರದೊಂದಿಗೆ ಪ್ರತಿವರ್ಷ ತಾನಾಗಿಯೇ ಏರುತ್ತ ಬಂದಿದೆ. ಈ ಏರಿಕೆ ಬಂಕಿನಲ್ಲಿ ನಿಂತಾಗ ನೋಯುತ್ತದೆ ಎಂಬುದನ್ನು ನಾನು ಒಪ್ಪುತ್ತೇನೆ, ಅದರಲ್ಲೂ ದೂರದ ಊರಿನಿಂದ ದಿನವೂ ಕೆಲಸಕ್ಕೆ ಓಡಾಡುವ, ಹಳೆಯ ಕಾರುಳ್ಳ ಕುಟುಂಬಗಳಿಗೆ ಇದು ಸಣ್ಣ ಹೊರೆಯಲ್ಲ. ಆದರೂ ರಸ್ತೆಯೆಂಬುದು ಪ್ರತಿವರ್ಷ ಒಂದಿಷ್ಟು ಸವೆಯುವ ವಸ್ತುವಾದ್ದರಿಂದ ಅದನ್ನು ಕಾಯುವ ಹಣವೂ ಪ್ರತಿವರ್ಷ ನಂಬಿಕೆಯಿಂದ ಬರಬೇಕು. ಆ ನಂಬಿಕೆಯನ್ನು ಕಾಯ್ದೆ ತಂದುಕೊಟ್ಟಿತು.

ಹಣವನ್ನು ಬೇರೆ ಕಡೆ ತಿರುಗಿಸಲು ಅವಕಾಶವಿಲ್ಲದಿರುವುದು ಈ ಸೇವೆಯ ಇನ್ನೊಂದು ಬಲ. ರಾಜ್ಯ ಸಂವಿಧಾನದ 19ನೆಯ ವಿಧಿ ಇಂಧನ ತೆರಿಗೆಯನ್ನು ರಸ್ತೆ ಮತ್ತು ಸಾರಿಗೆಯ ಕೆಲಸಗಳಿಗೇ ಕಟ್ಟಿಹಾಕಿದೆ. ಬಿಕ್ಕಟ್ಟಿನ ವರ್ಷಗಳಲ್ಲಿ ರಾಜ್ಯ ಸರ್ಕಾರ ತನ್ನ ಕೊರತೆ ತುಂಬಿಕೊಳ್ಳಲು ಸ್ಥಳೀಯ ಪಾಲಿಗೆ ಕೈಹಾಕುವುದನ್ನು ಮತದಾರರು 2010ರ ನವೆಂಬರಿನಲ್ಲಿ ಜನಮತಕ್ಕೆ ಬಿಟ್ಟ 22ನೆಯ ಪ್ರಸ್ತಾಪದ ಮೂಲಕ ತಡೆದರು. ಎಸ್‌ಬಿ 1 ತಂದ ಹೊಸ ಆದಾಯಕ್ಕೂ ಅದೇ ಬೇಲಿಯನ್ನು 2018ರ ಜೂನ್‌ನಲ್ಲಿ 69ನೆಯ ಪ್ರಸ್ತಾಪ ಕಟ್ಟಿತು. ಅದೇ ವರ್ಷದ ನವೆಂಬರಿನಲ್ಲಿ ಕಾಯ್ದೆಯ ತೆರಿಗೆಗಳನ್ನೇ ರದ್ದುಮಾಡಲು 6ನೆಯ ಪ್ರಸ್ತಾಪ ಬಂದಾಗ ಶೇ 57ರಷ್ಟು ಮತದಾರರು ಅದನ್ನು ತಿರಸ್ಕರಿಸಿದರು. ನಮ್ಮ ನಗರದ ಬಜೆಟ್ ಪುಸ್ತಕದಲ್ಲಿ ಗ್ಯಾಸ್ ಟ್ಯಾಕ್ಸ್ ನಿಧಿಗೆ ಒಂದು ಪುಟ, ಎಸ್‌ಬಿ 1ರ ರಸ್ತೆ ನಿರ್ವಹಣೆ ಮತ್ತು ಪುನಶ್ಚೇತನ ಖಾತೆಗೆ ಇನ್ನೊಂದು ಪುಟ ಬೇರೆಬೇರೆಯಾಗಿಯೇ ಇವೆ. ಪೊಲೀಸ್ ಇಲಾಖೆಗೋ ಉದ್ಯಾನಕ್ಕೋ ಹಣ ಸಾಲದಿದ್ದರೆ ಈ ಪುಟಗಳಿಂದ ಒಂದು ಡಾಲರನ್ನೂ ಎತ್ತುವಂತಿಲ್ಲ. ಇಷ್ಟು ಗಟ್ಟಿಯಾದ ಬೇಲಿ ಸರ್ಕಾರಿ ಹಣಕಾಸಿನಲ್ಲಿ ಸುಲಭವಾಗಿ ಕಾಣಸಿಗದು.

ಅರ್ಧ ಅಂಕವನ್ನಲ್ಲ, ಒಂದು ಇಡೀ ಅಂಕವನ್ನು ಇಲ್ಲಿ ಕಡಿತ ಮಾಡಿದ್ದಕ್ಕೆ ಕಾರಣ ಹಂಚಿಕೆಯ ಸೂತ್ರ. ಹೊಸ ಖಾತೆಯಿಂದ ಮೊದಲು ಸೇತುವೆಗಳಿಗೆ 40 ಕೋಟಿ ಡಾಲರ್, ಸ್ವಂತ ಸಾರಿಗೆ ತೆರಿಗೆಯಿರುವ ಕೌಂಟಿ ಮತ್ತು ನಗರಗಳ ಜೊತೆಗಾರಿಕೆಗೆ 20 ಕೋಟಿ, ನಡಿಗೆ ಮತ್ತು ಸೈಕಲ್ ಯೋಜನೆಗಳಿಗೆ 10 ಕೋಟಿ ಎಂಬಂಥ ವಾರ್ಷಿಕ ಮೊತ್ತಗಳು ತೆಗೆದಿಡಲ್ಪಡುತ್ತವೆ. ಉಳಿದದ್ದರಲ್ಲಿ ಅರ್ಧ ರಾಜ್ಯ ಹೆದ್ದಾರಿಗಳಿಗೆ, ಇನ್ನರ್ಧ ಸ್ಥಳೀಯ ರಸ್ತೆಗಳಿಗೆ. ಆ ಸ್ಥಳೀಯ ಅರ್ಧವನ್ನು ಕೌಂಟಿಗಳೂ ನಗರಗಳೂ ಸಮವಾಗಿ ಹಂಚಿಕೊಳ್ಳುತ್ತವೆ. ಕೌಂಟಿಗಳ ಪಾಲು ಮುಕ್ಕಾಲು ಭಾಗ ನೋಂದಾಯಿತ ವಾಹನಗಳ ಲೆಕ್ಕದಲ್ಲಿ, ಕಾಲು ಭಾಗ ರಸ್ತೆಯ ಮೈಲಿಗಳ ಲೆಕ್ಕದಲ್ಲಿ ಹೋಗುತ್ತದೆ. ನಗರಗಳ ಪಾಲಿಗೆ ಒಂದೇ ಅಳತೆ: ಜನಸಂಖ್ಯೆ. ಬಹುಮಹಡಿ ವಸತಿಗಳಲ್ಲಿ ಜನ ಒತ್ತಾಗಿ ವಾಸಿಸುವ ನಗರಕ್ಕೆ ಕಡಿಮೆ ರಸ್ತೆಗೆ ಹೆಚ್ಚು ಹಣ ಸಿಗುತ್ತದೆ. ಗುಡ್ಡದ ಇಳಿಜಾರಿನಲ್ಲಿ ಚದುರಿದ ಮನೆಗಳಿಗಾಗಿ ಉದ್ದುದ್ದ ರಸ್ತೆ ಎಳೆದ ಸಣ್ಣ ಊರಿಗೆ ಹೆಚ್ಚು ರಸ್ತೆಗೆ ಕಡಿಮೆ ಹಣ. ರಸ್ತೆಯ ಉದ್ದ, ಅದರ ಈಗಿನ ಸ್ಥಿತಿ, ಅದರ ಮೇಲೆ ಓಡುವ ಲಾರಿಗಳ ಭಾರ ಇವಾವುದೂ ನಗರಗಳ ಲೆಕ್ಕದಲ್ಲಿ ಸೇರುವುದಿಲ್ಲ. ಒತ್ತಾಗಿ ಬದುಕುವ ನಗರಗಳಿಗೆ ಅನುಕೂಲವಾಗುವುದು ಒಂದು ದೃಷ್ಟಿಯಲ್ಲಿ ಸರಿಯಾದ ನೀತಿಯೇ ಇರಬಹುದು. ಆದರೆ ಉಗ್ರಾಣಗಳ ಬಾಗಿಲಲ್ಲಿ ನಿಂತ ಸಣ್ಣ ಪಟ್ಟಣವೊಂದು, ತನ್ನವರಲ್ಲದವರ ಲಾರಿಗಳು ಮುರಿದ ರಸ್ತೆಯನ್ನು ತನ್ನ ಜನಸಂಖ್ಯೆಯ ಹಣದಿಂದ ಸರಿಮಾಡಬೇಕಾಗುವುದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ.

ಕೇಂದ್ರ ಸರ್ಕಾರದ ಹಣ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಗ್ಯಾಲನ್ನಿಗೆ 18.4 ಸೆಂಟಿನ ಕೇಂದ್ರ ತೆರಿಗೆ 1993ರಿಂದ ಹಾಗೆಯೇ ಇದೆ. ಅದರಿಂದ ಬರುವ ನೆರವು ಸಾಮಾನ್ಯವಾಗಿ ಮುಖ್ಯ ರಸ್ತೆಗಳಿಗೆ ಮೀಸಲು, ಮನೆಗಳ ಮುಂದಿನ ಸ್ಥಳೀಯ ಬೀದಿಗೆ ಅದು ತಲುಪುವುದು ಅಪರೂಪ. ಆದ್ದರಿಂದ ನಮ್ಮಂಥ ವಸತಿ ಬೀದಿಗೆ ರಾಜ್ಯದ ಈ ಪಾಲು ಮತ್ತು ನಗರದ ಸ್ವಂತ ಹಣ, ಇವೆರಡೇ ಗತಿ.

ಇನ್ನು ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. ಎಸ್‌ಬಿ 1ರ ಹಣ ಬೇಕಾದ ಪ್ರತಿ ನಗರವೂ ಪ್ರತಿವರ್ಷ ಸಾರ್ವಜನಿಕ ಸಭೆಯಲ್ಲಿ ಒಂದು ಯೋಜನಾ ಪಟ್ಟಿಯನ್ನು ಠರಾವಿನ ಮೂಲಕ ಒಪ್ಪಿ, ಅದನ್ನು ಕ್ಯಾಲಿಫೋರ್ನಿಯಾ ಸಾರಿಗೆ ಆಯೋಗಕ್ಕೆ ಕಳಿಸಬೇಕು. ಪಟ್ಟಿಯಲ್ಲಿ ನಾಲ್ಕು ಸಂಗತಿಗಳು ಇರಲೇಬೇಕು: ಕೆಲಸದ ವಿವರಣೆ, ಸ್ಥಳ, ಮುಗಿಯುವ ಅಂದಾಜು ಅವಧಿ, ಮತ್ತು ಆ ಸುಧಾರಣೆ ಎಷ್ಟು ವರ್ಷ ಬಾಳುತ್ತದೆಂಬ ಅಂದಾಜು. ಪಟ್ಟಿ ಕಳಿಸಿದ ನಗರಕ್ಕೆ ರಾಜ್ಯದ ಕಂಟ್ರೋಲರ್ ಕಚೇರಿ ತಿಂಗಳು ತಿಂಗಳು ಹಣ ಕಳಿಸುತ್ತದೆ. ವರ್ಷ ಕಳೆದ ಮೇಲೆ ಯಾವುದಕ್ಕೆ ಎಷ್ಟು ಖರ್ಚಾಯಿತೆಂಬ ವರದಿಯನ್ನು ನಗರ ಕೊಡಬೇಕು. ಸಾಮಾನ್ಯ ನಿವಾಸಿಯೊಬ್ಬ ತನ್ನ ಬೀದಿಯ ಹೆಸರನ್ನು ಹುಡುಕಿ ನೋಡಬಹುದಾದ ಪಟ್ಟಿಯೊಂದು ಕಾನೂನಿನಿಂದಲೇ ಹುಟ್ಟುವುದು ದೊಡ್ಡ ಸಂಗತಿ, ಅದಕ್ಕಾಗಿ ಈ ಕಾಯ್ದೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಆದರೆ ನಮ್ಮ ನಗರದ ಪಟ್ಟಿಯನ್ನು ಮೊದಲ ಸಲ ಓದಿದಾಗ ನನಗೆ ನಿರಾಸೆಯಾಯಿತು. "ವಸತಿ ಬೀದಿಗಳ ಪುನರ್ಲೇಪನ, ವಿವಿಧ ಸ್ಥಳಗಳು" ಎಂಬ ಒಂದೇ ಸಾಲು ಆ ವರ್ಷದ ಅತಿದೊಡ್ಡ ಮೊತ್ತವನ್ನು ಹೊತ್ತು ನಿಂತಿತ್ತು. ಅದರೊಳಗಿನ ಬೀದಿಗಳ ಹೆಸರುಗಳು ಅನುಬಂಧದಲ್ಲಿ ಇದ್ದವು, ನಿಜ. ಆದರೆ ಯಾಕೆ ಇದು, ಯಾಕೆ ಅದಲ್ಲ ಎಂಬ ಮಾತು ಎಲ್ಲಿಯೂ ಇರಲಿಲ್ಲ. ಮರುವರ್ಷ ಹಳೆಯ ಪಟ್ಟಿಯನ್ನೂ ಹೊಸ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಕೆಲವು ಹೆಸರುಗಳು ಕೆಲಸವಾಗದೆಯೇ ಮಾಯವಾಗಿದ್ದವು. ಇದು ಕಾನೂನುಬಾಹಿರವಲ್ಲ. ಸ್ಥಳೀಯ ಅಗತ್ಯ ಮತ್ತು ಆದ್ಯತೆಗೆ ತಕ್ಕಂತೆ ಬೇರೆ ಅರ್ಹ ಯೋಜನೆಗೆ ಹಣ ಹಾಕುವ ನಗರದ ಸ್ವಾತಂತ್ರ್ಯವನ್ನು ಪಟ್ಟಿ ಕಟ್ಟಿಹಾಕಬಾರದೆಂದು ಕಾಯ್ದೆಯೇ ಹೇಳುತ್ತದೆ, ಮತ್ತು ಅದಕ್ಕೆ ಒಳ್ಳೆಯ ಕಾರಣವೂ ಇದೆ: ಬೀದಿಯ ಕೆಳಗೆ ನೀರಿನ ಕೊಳವೆ ಬದಲಿಸುವ ಕೆಲಸ ಬರಲಿದೆಯೆಂದು ತಿಳಿದರೆ ಅದಕ್ಕೆ ಮೊದಲು ಡಾಂಬರು ಹಾಕುವುದು ಹಣವನ್ನು ನೀರಿಗೆ ಸುರಿದಂತೆ. ಆದರೆ ಆ ಕಾರಣವನ್ನು ಒಂದು ಸಾಲಿನಲ್ಲಿ ಬರೆದು ಹಾಕಲು ನಗರಕ್ಕೆ ಏನು ತೊಂದರೆ? ಹೆಸರು ಅಳಿಸಿಹೋದ ಬೀದಿಯ ನಿವಾಸಿ ತನ್ನನ್ನು ಮರೆತರೆಂದೇ ತಿಳಿಯುತ್ತಾನೆ.

ಹಿರಿಯರ ಪ್ರಶ್ನೆಗೆ ಉತ್ತರ ನಿಜವಾಗಿ ಇದೆ, ಮತ್ತು ಅದು ನಗರವನ್ನು ಸಮರ್ಥಿಸುವ ಉತ್ತರವೇ ಆಗಿದೆ. ರಸ್ತೆಯ ಮೇಲ್ಮೈಯನ್ನು 0ಯಿಂದ 100ರವರೆಗಿನ ಅಂಕದಲ್ಲಿ ಅಳೆಯುವ ಪೇವ್‌ಮೆಂಟ್ ಕಂಡಿಷನ್ ಇಂಡೆಕ್ಸ್, ಅಂದರೆ ಪಿಸಿಐ, ಅಮೆರಿಕದ ಸೇನೆಯ ಎಂಜಿನಿಯರುಗಳ ವಿಭಾಗದಲ್ಲಿ ರೂಪುಗೊಂಡ ವಿಧಾನ. ತರಬೇತಾದವರು ಬೀದಿಯ ತುಣುಕೊಂದನ್ನು ನಡೆದು ನೋಡಿ, ಬಿರುಕು, ತಗ್ಗು, ತೇಪೆ, ಸವೆತ ಇವುಗಳ ಬಗೆ, ತೀವ್ರತೆ ಮತ್ತು ವಿಸ್ತಾರವನ್ನು ಗುರುತಿಸಿ 100ರಿಂದ ಕಳೆಯುತ್ತ ಹೋಗುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ ಮೆಟ್ರೊಪಾಲಿಟನ್ ಸಾರಿಗೆ ಆಯೋಗ ಬಳಸುವ ವರ್ಗೀಕರಣದಲ್ಲಿ 70ರಿಂದ 79 ಉತ್ತಮ, 60ರಿಂದ 69 ಸಾಧಾರಣ, 50ರಿಂದ 59 ಅಪಾಯದ ಅಂಚು, 25ರಿಂದ 49 ಕಳಪೆ, ಅದಕ್ಕಿಂತ ಕೆಳಗೆ ಕೆಟ್ಟುಹೋದದ್ದು. ರಾಜ್ಯದ ಸ್ಥಳೀಯ ರಸ್ತೆಗಳ ಸರಾಸರಿ 2008ರಲ್ಲಿ 68 ಇದ್ದದ್ದು ಹತ್ತು ವರ್ಷಗಳಲ್ಲಿ 65ಕ್ಕೆ ಇಳಿಯಿತು. ಎಸ್‌ಬಿ 1 ಬಂದ ಮೇಲೂ ಅಲ್ಲಿಯೇ ನಿಂತಿದೆ. ನಿಂತಿದೆ ಎಂಬುದನ್ನು ಸೋಲೆಂದು ಓದಬಾರದು, ಬೀಳುತ್ತಿದ್ದುದು ನಿಂತಿತು ಎಂದು ಓದಬೇಕು.

ಡಾಂಬರು ರಸ್ತೆ ಒಂದೇ ವೇಗದಲ್ಲಿ ಹಾಳಾಗುವುದಿಲ್ಲ. ಮೊದಲ ಹಲವು ವರ್ಷ ಅದು ನಿಧಾನವಾಗಿ ಬಣ್ಣಗೆಡುತ್ತದೆ, ಕೂದಲೆಳೆಯ ಬಿರುಕುಗಳು ಮೂಡುತ್ತವೆ, ನೋಡುವವರಿಗೆ ಏನೂ ಆಗಿಲ್ಲವೆನ್ನಿಸುತ್ತದೆ. ಆ ಬಿರುಕುಗಳಲ್ಲಿ ಮಳೆನೀರು ಇಳಿದು ತಳಪದರವನ್ನು ಮೆತ್ತಗೆ ಮಾಡಿದ ಮೇಲೆ ಗಾಡಿಗಳ ಭಾರ ಮೇಲ್ಪದರವನ್ನು ಮುರಿಯುತ್ತದೆ, ಮುರಿದಲ್ಲಿ ಇನ್ನಷ್ಟು ನೀರು ಇಳಿಯುತ್ತದೆ. ಆಗ ಕೆಲವೇ ಮಳೆಗಾಲಗಳಲ್ಲಿ ಬೀದಿ ಮೊಸಳೆಯ ಬೆನ್ನಾಗುತ್ತದೆ. ನೀರು ಇಳಿಯುವ ಮೊದಲು ಬಿರುಕಿಗೆ ಸೀಲ್ ತುಂಬಿ, ಮೇಲೆ ಡಾಂಬರು ದ್ರಾವಣ ಮತ್ತು ನುಣ್ಣನೆಯ ಜಲ್ಲಿಯ ತೆಳು ಲೇಪ ಹಾಕುವುದಕ್ಕೇ ಸ್ಲರಿ ಸೀಲ್ ಎನ್ನುವುದು. ತಳಪದರ ಹೋದ ಮೇಲೆ ಈ ಲೇಪಕ್ಕೆ ಅರ್ಥವಿಲ್ಲ. ಮೇಲ್ಪದರವನ್ನು ಕೊರೆದು ಹೊಸದು ಹಾಕಬೇಕು, ಇಲ್ಲವೇ ತಳದಿಂದಲೇ ಅಗೆದು ಮತ್ತೆ ಕಟ್ಟಬೇಕು, ಮತ್ತು ಅದರ ವೆಚ್ಚ ಲೇಪದ ವೆಚ್ಚದ ಹಲವು ಪಟ್ಟು. ಹಿಂದಿನ ಬೀದಿಯೊಂದನ್ನು ಪೂರ್ತಿ ಕಟ್ಟುವ ಹಣದಲ್ಲಿ ನಮ್ಮಂಥ ಅನೇಕ ಬೀದಿಗಳನ್ನು ಕೆಡದಂತೆ ಉಳಿಸಬಹುದು. ಉಳಿಸದಿದ್ದರೆ ಅವೂ ಕೆಲವು ವರ್ಷಗಳಲ್ಲಿ ಹಿಂದಿನ ಬೀದಿಯ ಸಾಲಿಗೆ ಬಂದು ನಿಲ್ಲುತ್ತವೆ. ಹಲ್ಲು ನೋಯುವ ತನಕ ಕಾದು ವೈದ್ಯರ ಬಳಿಗೆ ಹೋಗುವವರಿಗೆ ಈ ಲೆಕ್ಕ ಬೇಗ ಅರ್ಥವಾದೀತು.

ಇನ್ನೊಂದು ಸಂಗತಿ ನನಗೂ ಹೊಸದಾಗಿತ್ತು. ಅಂಗವಿಕಲರ ಹಕ್ಕುಗಳ ಕೇಂದ್ರ ಕಾನೂನಿನ ಬಗ್ಗೆ 2013ರಲ್ಲಿ ನ್ಯಾಯ ಇಲಾಖೆ ಮತ್ತು ಸಾರಿಗೆ ಇಲಾಖೆ ಒಟ್ಟಾಗಿ ಕೊಟ್ಟ ವಿವರಣೆಯ ಪ್ರಕಾರ, ಡಾಂಬರಿನ ಹೊಸ ಪದರ ಹಾಕುವುದು ರಸ್ತೆಯ ಮಾರ್ಪಾಡು. ಹಾಗೆ ಮಾಡಿದಾಗ ದಾಟುವ ಮೂಲೆಗಳಲ್ಲಿ ಗಾಲಿಕುರ್ಚಿ ಇಳಿಯಲು ಇಳಿಜಾರುಗಳನ್ನು ಕಟ್ಟಲೇಬೇಕು. ಸ್ಲರಿ ಸೀಲ್ ಮಾತ್ರ ನಿರ್ವಹಣೆ. ಅದಕ್ಕೆ ಆ ಕಡ್ಡಾಯವಿಲ್ಲ. ಆ ಇಳಿಜಾರುಗಳು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ, ನನ್ನ ತಾಯಿ ಗಾಲಿಕುರ್ಚಿಯಲ್ಲಿ ಕುಳಿತ ವರ್ಷ ಅವು ಎಷ್ಟು ಮುಖ್ಯವೆಂದು ನಾನು ಕಂಡಿದ್ದೇನೆ. ಆದರೆ ಕೆಟ್ಟ ಬೀದಿಯೊಂದರ ವೆಚ್ಚ ಡಾಂಬರಿನಲ್ಲಿ ಮಾತ್ರ ಮುಗಿಯದೆ ಅದರ ಎಲ್ಲ ಮೂಲೆಗಳ ಕಾಂಕ್ರೀಟನ್ನೂ ಸೇರಿಸಿಕೊಳ್ಳುತ್ತದೆ. ಹೀಗಾಗಿ ಸುಲಭದ ಬೀದಿಯನ್ನು ಮೊದಲು, ಕಷ್ಟದ ಬೀದಿಯನ್ನು ಮುಂದಿನ ವರ್ಷ ಎನ್ನುವ ಸೆಳೆತ ನಗರಗಳಿಗೆ ಬಲವಾಗಿಯೇ ಇರುತ್ತದೆ. ಆ ಮುಂದಿನ ವರ್ಷ ಹತ್ತು ವರ್ಷವಾಗಬಾರದಲ್ಲ. ಆದ್ದರಿಂದ ಬಹುಪಾಲು ಹಣವನ್ನು ಉಳಿಸುವ ಕೆಲಸಕ್ಕೆ ಇಟ್ಟು, ಒಂದು ನಿಶ್ಚಿತ ಪಾಲನ್ನು ಅತ್ಯಂತ ಕೆಟ್ಟ ಬೀದಿಗಳಿಗೆಂದೇ ಪ್ರತಿವರ್ಷ ತೆಗೆದಿಡಬೇಕೆಂಬುದು ನನ್ನ ಅಭಿಪ್ರಾಯ. ನಮ್ಮ ನಗರದ ಪಟ್ಟಿಯಲ್ಲಿ ಅಂಥ ಪಾಲು ಯಾವುದೆಂದು ಗುರುತಿಸಲು ನನಗೆ ಸಾಧ್ಯವಾಗಲಿಲ್ಲ.

ಕೆಲಸದ ಗುಣಮಟ್ಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಲೇಪ ಸಮನಾಗಿದೆ, ಮ್ಯಾನ್‌ಹೋಲ್ ಮುಚ್ಚಳಗಳನ್ನು ಮುಚ್ಚಿಹಾಕಿಲ್ಲ, ಅಡ್ಡಪಟ್ಟಿಗಳನ್ನು ಎರಡು ವಾರದೊಳಗೆ ಮತ್ತೆ ಬಳಿದರು. ಒಂದೂವರೆ ಅಂಕ ಕಡಿಮೆಯಾದದ್ದು ಲೇಪ ಹಾಕಿದ ನಾಲ್ಕನೆಯ ತಿಂಗಳಲ್ಲಿ ಕೇಬಲ್ ಎಳೆಯುವವರು ಬಂದು ಅದೇ ಬೀದಿಯ ನಡುವೆ ಉದ್ದನೆಯ ಕಂದಕ ಕೊರೆದು, ತಗ್ಗಾದ ತೇಪೆ ಹಾಕಿ ಹೋದದ್ದಕ್ಕೆ. ಹೊಸದಾಗಿ ಲೇಪಿಸಿದ ಬೀದಿಯನ್ನು ಕೆಲವು ವರ್ಷ ಅಗೆಯಬಾರದೆಂಬ ನಿಯಮ ಅನೇಕ ನಗರಗಳಲ್ಲಿದೆ. ಅಗೆಯಲೇಬೇಕಾದರೆ ಕಂದಕದ ಅಗಲವನ್ನು ಮಾತ್ರವಲ್ಲ, ಆ ಇಡೀ ಪಥವನ್ನು ಮತ್ತೆ ಲೇಪಿಸಿಕೊಡಬೇಕೆಂದು ಷರತ್ತು ಹಾಕುವವರೂ ಇದ್ದಾರೆ. ನೀರು ಹೋಗುವ ದಾರಿಯನ್ನು ರಾಜ್ಯದ ಹಣದಲ್ಲಿ ಮುಚ್ಚಿ, ಬೇರೊಬ್ಬರಿಗೆ ಅದನ್ನು ಮತ್ತೆ ತೆರೆಯಲು ಬಿಡುವುದು ನೋವಿನ ಸಂಗತಿ.

ನಗರದ ಸ್ವಂತ ಹಣದ ವಿಷಯದಲ್ಲೂ ಕಾಯ್ದೆ ಒಂದು ಕರಾರು ಹಾಕಿದೆ. ರಾಜ್ಯದ ಹಣ ಬಂತೆಂದು ನಗರ ತನ್ನ ಸಾಮಾನ್ಯ ನಿಧಿಯಿಂದ ರಸ್ತೆಗೆ ಕೊಡುತ್ತಿದ್ದುದನ್ನು ಹಿಂತೆಗೆದರೆ ನಿವಾಸಿಗೆ ಏನೂ ಲಾಭವಿಲ್ಲ. ಆದ್ದರಿಂದ 2009-10, 2010-11 ಮತ್ತು 2011-12ರ ಮೂರು ವರ್ಷಗಳ ಸರಾಸರಿಗಿಂತ ಕಡಿಮೆಯಾಗದಂತೆ ನಗರ ತನ್ನ ಹಣ ಹಾಕುತ್ತಿರಬೇಕು. ಉದ್ದೇಶ ಒಳ್ಳೆಯದು, ಆಯ್ದ ವರ್ಷಗಳು ಸರಿಯಿಲ್ಲ. ಅವು ಆರ್ಥಿಕ ಕುಸಿತದ ಪೆಟ್ಟು ತಿಂದು ನಗರಗಳು ನೌಕರರನ್ನೇ ಮನೆಗೆ ಕಳಿಸುತ್ತಿದ್ದ ವರ್ಷಗಳು. ಆಗ ರಸ್ತೆಗೆ ಏನೂ ಕೊಡಲಾಗದಿದ್ದ ನಗರದ ಕರಾರು ಇಂದಿಗೂ ಸೊನ್ನೆಯ ಹತ್ತಿರವೇ ಇರುತ್ತದೆ, ಕಷ್ಟಪಟ್ಟು ಕೊಟ್ಟ ನಗರದ ಮೇಲೆ ಮಾತ್ರ ಆ ಹೊರೆ ನಿಂತಿರುತ್ತದೆ.

ರಾಜ್ಯದ ಹಣ ಒಂದರಿಂದಲೇ ಬೀದಿಗಳನ್ನು ಮೇಲೆತ್ತಲಾಗದು ಎಂಬುದಕ್ಕೆ ಕೊಲ್ಲಿ ಪ್ರದೇಶದ ಒರಿಂಡಾ ಒಳ್ಳೆಯ ಸಾಕ್ಷಿ. ಗುಡ್ಡದ ಮಡಿಲಿನ ಆ ಸಣ್ಣ ನಗರದ ರಸ್ತೆಗಳು ಒಂದು ಕಾಲಕ್ಕೆ ಇಡೀ ಪ್ರದೇಶದಲ್ಲೇ ಅತ್ಯಂತ ಕೆಟ್ಟವೆಂದು ಹೆಸರಾಗಿದ್ದವು. ಅಲ್ಲಿನ ಮತದಾರರು 2012ರಲ್ಲಿ ಡಾಲರಿಗೆ ಅರ್ಧ ಸೆಂಟಿನ ಮಾರಾಟ ತೆರಿಗೆಯನ್ನೂ, 2014 ಮತ್ತು 2016ರಲ್ಲಿ ಸಾಲದ ಬಾಂಡುಗಳನ್ನೂ ಒಪ್ಪಿದರು. ರಸ್ತೆಗಳು ಇಂದು ಪ್ರದೇಶದ ಉತ್ತಮ ಸಾಲಿನಲ್ಲಿವೆ. ಸಾಂತಾ ಕ್ಲಾರಾ ಕೌಂಟಿಯಲ್ಲಿ 2016ರಲ್ಲಿ ಮತದಾರರು ಒಪ್ಪಿದ ಮೆಷರ್ ಬಿ ತಂದ ಅರ್ಧ ಸೆಂಟಿನ ತೆರಿಗೆಯ ಒಂದು ಭಾಗವೂ ನಗರಗಳ ಬೀದಿಗಳಿಗೆ ಹೋಗುತ್ತದೆ. ಪಿಸಿಐ 80 ದಾಟಿದ ನಗರಕ್ಕೆ ಎಸ್‌ಬಿ 1ರ ಹಣವನ್ನು ಬೇರೆ ಸಾರಿಗೆ ಕೆಲಸಗಳಿಗೂ ಬಳಸುವ ಅವಕಾಶವಿದೆ, ಆದರೆ ಆ ಮಟ್ಟ ಮುಟ್ಟಿದವರು ಕೆಲವರೇ, ಅವರೂ ಹೆಚ್ಚಾಗಿ ಸ್ವಂತ ಆದಾಯ ಗಟ್ಟಿಯಾಗಿರುವವರು.

ಮುಂದಿನ ದಿನಗಳ ಬಗ್ಗೆ ನನಗೆ ಆತಂಕವಿದೆ. ನಮ್ಮ ಬೀದಿಯಲ್ಲಿ ಈಗ ವಿದ್ಯುತ್ ಕಾರುಗಳು ಹೆಚ್ಚುತ್ತಿವೆ. ಅವು ಬಂಕಿಗೆ ಹೋಗುವುದಿಲ್ಲ. 2020 ಮತ್ತು ಅದರ ನಂತರದ ಮಾದರಿಯ ಅಂಥ ಕಾರುಗಳಿಗೆ ವರ್ಷಕ್ಕೆ 100 ಡಾಲರಿನಿಂದ ಆರಂಭವಾಗಿ ಹಣದುಬ್ಬರದೊಂದಿಗೆ ಏರುವ ರಸ್ತೆ ಶುಲ್ಕವಿದೆ. ಮೇಲೆ ಲೆಕ್ಕಹಾಕಿದ ಪೆಟ್ರೋಲ್ ಕಾರಿನ 245 ಡಾಲರಿನ ಪಕ್ಕದಲ್ಲಿ ಅದು ಚಿಕ್ಕದು. ಮೈಲಿಯ ಲೆಕ್ಕದಲ್ಲಿ ಶುಲ್ಕ ವಸೂಲು ಮಾಡುವ ಪ್ರಯೋಗವನ್ನು ರಾಜ್ಯ 2016ರಲ್ಲೇ 5,000ಕ್ಕೂ ಹೆಚ್ಚು ವಾಹನಗಳೊಂದಿಗೆ ಒಂಬತ್ತು ತಿಂಗಳು ನಡೆಸಿತ್ತು. ಇಂಧನ ತೆರಿಗೆ ಕರಗುವ ಮೊದಲೇ ಅಂಥ ದಾರಿಯೊಂದನ್ನು ಗಟ್ಟಿಮಾಡಿಕೊಳ್ಳದಿದ್ದರೆ 2016ರ 9.8 ಸೆಂಟಿನ ಕತೆ ಬೇರೆ ರೂಪದಲ್ಲಿ ಮತ್ತೆ ಬರುತ್ತದೆ.

ಈ ಎಲ್ಲವನ್ನೂ ಓದಿಕೊಂಡು ನಾನು ಹಿಂದಿನ ಬೀದಿಯ ಹಿರಿಯರ ಮನೆಗೆ ಹೋಗಿದ್ದೆ. ಒಳ್ಳೆಯ ಬೀದಿಯನ್ನು ಮೊದಲು ಕಾಯುವುದೇಕೆಂದು ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ, ಲೆಕ್ಕ ಸರಿಯಿದೆ ಎಂದರು. ಆದರೆ ಇದನ್ನು ನೆರೆಯವರ ಬಾಯಿಂದಲ್ಲ, ನಗರದಿಂದ ಕೇಳಬೇಕಿತ್ತು ಎಂದೂ ಹೇಳಿದರು. ಆ ಮಾತನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ವಾರ್ಷಿಕ ಪಟ್ಟಿಗೆ ಮೂರು ಅಂಕಣಗಳನ್ನು ಸೇರಿಸಬೇಕೆಂದು ಸಿಟಿ ಕೌನ್ಸಿಲಿಗೆ ಒಂದು ಮನವಿ ಬರೆದಿದ್ದೇವೆ: ಪ್ರತಿ ಬೀದಿಯ ಈಗಿನ ಪಿಸಿಐ, ಅದಕ್ಕೆ ಕೊನೆಯ ಸಲ ಕೆಲಸವಾದ ವರ್ಷ, ಮತ್ತು ಕಳೆದ ವರ್ಷದ ಪಟ್ಟಿಯಿಂದ ಹೆಸರು ಬಿಟ್ಟುಹೋಗಿದ್ದರೆ ಅದರ ಕಾರಣ. ಮೊದಲ ಎರಡು ಈಗಾಗಲೇ ಎಂಜಿನಿಯರುಗಳ ಕಂಪ್ಯೂಟರಿನಲ್ಲಿವೆ, ಮೂರನೆಯದಕ್ಕೆ ಒಂದು ಸಾಲು ಬರೆಯಬೇಕು. ಹದಿನೇಳು ಮನೆಗಳವರು ಸಹಿ ಹಾಕಿದ್ದಾರೆ, ಮೊದಲ ಸಹಿ ಆ ಹಿರಿಯರದು. ಹೊಸ ಪಟ್ಟಿಯ ಠರಾವು ಕೌನ್ಸಿಲಿನ ಮುಂದೆ ಬರುವ ಸಂಜೆ ನಾವಿಬ್ಬರೂ ಅಲ್ಲಿರುತ್ತೇವೆ.